ರಿಪೇರಿ ತಪ್ಪಿದ ಕೋಶ, ಅದಕ್ಕೆಂದೇ ಬಂದ ಮದ್ದು

ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಎಂದು ಗೋವಾದ ಕೆಪೆಯಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದವರಿಗೆ ‘ಬಿಆರ್‌ಸಿಎ ಟೆಸ್ಟ್ ಮಾಡಿಸಿ’ ಎಂಬ ಸಲಹೆ ಸಿಗಬಹುದು. ರೋಗ ಯಾವುದೆಂದು ಗೊತ್ತಾದ ಮೇಲೂ ಈ ರಕ್ತಪರೀಕ್ಷೆ ಯಾಕೆ?

ನಮ್ಮ ಮೈ ಹೇಗೆ ನಡೆಯಬೇಕೆಂಬ ಬರಹವೆಲ್ಲ ಜೀವಕೋಶದೊಳಗಿನ ಡಿಎನ್ಎ ಎಂಬ ಜೋಡಿ ಎಳೆಯಲ್ಲಿದೆ. ಬಿಸಿಲು, ತಂಬಾಕಿನ ಹೊಗೆ ಮಾತ್ರವಲ್ಲ, ಕೋಶ ಉಸಿರಾಡುವ ಆಮ್ಲಜನಕವೂ ಈ ಎಳೆಯನ್ನು ದಿನಕ್ಕೆ ಸಾವಿರಾರು ಕಡೆ ಕೆಡಿಸುತ್ತದೆ. ಕೆಟ್ಟದ್ದನ್ನು ಹುಡುಕಿ ಸರಿಪಡಿಸಲು ಪ್ರೋಟೀನುಗಳ ಒಂದು ಪಡೆಯೇ ಇದೆ. ಇವುಗಳಲ್ಲಿ ಪಿ53 ಮೇಲ್ವಿಚಾರಕ. ಹಾನಿ ಕಂಡರೆ ಕೋಶ ವಿಭಜನೆಯಾಗದಂತೆ ತಡೆಯುತ್ತದೆ. ರಿಪೇರಿಯಾಗದಷ್ಟು ಕೆಟ್ಟಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಲ್ಲಿ ಈ ಪಿ53 ಕೆಟ್ಟಿರುತ್ತದೆ.

ಬಿಆರ್‌ಸಿಎ1 ಮತ್ತು 2 ಎಂಬ ಪ್ರೋಟೀನುಗಳದು ಇನ್ನೂ ಕಷ್ಟದ ಕೆಲಸ. ಎರಡೂ ಎಳೆ ತುಂಡಾದಾಗ, ಪಕ್ಕದಲ್ಲಿರುವ ಸರಿಯಾದ ಪ್ರತಿಯನ್ನು ನೋಡಿಕೊಂಡು ತಪ್ಪಿಲ್ಲದೆ ಜೋಡಿಸಲು ಇವು ಬೇಕು. ಇವುಗಳ ಜೀನುಗಳನ್ನು 1994 ಮತ್ತು 1995ರಲ್ಲಿ ಗುರುತಿಸಿದರು. ಕೆಲವರು ತಾಯಿಯಿಂದಲೋ ತಂದೆಯಿಂದಲೋ ಬಂದ, ಈ ಜೀನಿನ ಒಂದು ಕೆಟ್ಟ ಪ್ರತಿಯೊಂದಿಗೇ ಹುಟ್ಟುತ್ತಾರೆ. ಉಳಿದೊಂದು ಒಳ್ಳೆಯ ಪ್ರತಿಯಿಂದ ಕೋಶದ ಕೆಲಸ ಸಾಗುತ್ತದೆ. ಯಾವುದೋ ಕೋಶದಲ್ಲಿ ಅದೂ ಹೋಯಿತೆಂದರೆ ತಪ್ಪುಗಳು ರಾಶಿ ಬೀಳುತ್ತವೆ. ಗಡ್ಡೆಗೆ ದಾರಿಯಾಗುವುದು ಹೀಗೆ.

ಚಿಕಿತ್ಸೆಗೆ ಹಿಡಿತ ಸಿಗುವುದೂ ಇಲ್ಲಿಯೇ. ಒಂದೇ ಎಳೆ ತುಂಡಾದರೆ ಸರಿಪಡಿಸಲು ನೆರವಾಗುವುದು ಪಾರ್ಪ್ ಎಂಬ ಬೇರೊಂದು ಪ್ರೋಟೀನು. ಗೋವಾ ದಾರಿಯ ಅನಮೋಡ ಘಟ್ಟ ಬಂದ್ ಆದರೆ ಲಾರಿಗಳು ಚೋರ್ಲಾ ಘಟ್ಟ ಹಿಡಿಯುತ್ತವೆ. ಎರಡೂ ಬಂದ್ ಆದರೆ ನಿಂತಲ್ಲೇ ನಿಲ್ಲುತ್ತವೆ. ಬಿಆರ್‌ಸಿಎ ಕಳೆದುಕೊಂಡ ಗಡ್ಡೆಗೆ ಒಂದು ದಾರಿ ಮೊದಲೇ ಮುಚ್ಚಿದೆ. ಓಲಾಪರಿಬ್ ಮಾತ್ರೆ ಪಾರ್ಪನ್ನು ತಡೆದು ಇನ್ನೊಂದನ್ನೂ ಮುಚ್ಚುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ಒಳ್ಳೆಯ ಪ್ರತಿ ಉಳಿಸಿಕೊಂಡ ಆರೋಗ್ಯವಂತ ಕೋಶ ಬಹುಮಟ್ಟಿಗೆ ಪಾರಾಗುತ್ತದೆ. ಅಮೆರಿಕ ಈ ಮಾತ್ರೆಗೆ ಮೊದಲು ಒಪ್ಪಿಗೆ ಕೊಟ್ಟಿದ್ದು 2014ರಲ್ಲಿ, ಅಂಡಾಶಯದ ಕ್ಯಾನ್ಸರಿಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡ ಇನ್ನೊಂದು ದಾರಿಗೆ ಕೈಹಾಕಿತು: ತುಂಡಾದ ತುದಿಗಳನ್ನು ನೇರವಾಗಿ ಅಂಟಿಸುವ ರಿಪೇರಿಗೆ. ಅದನ್ನು ತಡೆಯುವ ಎಸ್‌ಸಿಆರ್7 ಎಂಬ ಅಣು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತೆಂದು 2012ರಲ್ಲಿ ಪ್ರಕಟಿಸಿತು. ಆ ಅಣು ತಂಡ ಹೇಳಿದಷ್ಟು ನಿಖರವಾಗಿ ಕೆಲಸ ಮಾಡುತ್ತದೆಯೇ ಎಂದು 2016ರಲ್ಲಿ ಬೇರೆ ಸಂಶೋಧಕರು ಪ್ರಶ್ನಿಸಿದರು. ಲ್ಯಾಬಿನಿಂದ ಆಸ್ಪತ್ರೆಗೆ ಬಹಳ ದೂರ.

ಗಡ್ಡೆಯೂ ಸುಮ್ಮನಿರುವುದಿಲ್ಲ. ಚಿಕಿತ್ಸೆಯ ನಡುವೆಯೇ ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹೊಸ ಬದಲಾವಣೆಯಾಗಿ ಬಿಆರ್‌ಸಿಎ ಮತ್ತೆ ಕೆಲಸ ಶುರುಮಾಡುತ್ತದೆ. ಮಾತ್ರೆ ನಾಟುವುದು ಆಗ ನಿಲ್ಲುತ್ತದೆ. ಕ್ಯಾನ್ಸರಿಗೆ ಕಾರಣವಾದ ದೋಷವೇ ಮದ್ದಿಗೆ ಆಸರೆಯಾಗಿತ್ತಲ್ಲ, ಅದು ಸರಿಹೋದರೆ ಮದ್ದಿಗೆ ಕೆಲಸವಿಲ್ಲ.

ಆ ದೋಷ ಇದೆಯೇ, ಮದ್ದು ನಾಟೀತೇ ಎಂದು ತಿಳಿಯಲೆಂದೇ ಬಿಆರ್‌ಸಿಎ ಪರೀಕ್ಷೆ. ಹಾಗಾಗಿ ಅದು ಬೇಕಾದವರಿಗೆ ಮೊದಲೇ, ಕೈಗೆಟುಕುವ ಖರ್ಚಿನಲ್ಲಿ ಆಗಬೇಕೆಂಬುದು ನನ್ನ ಅಭಿಪ್ರಾಯ. ಪೋಷಕರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ, ಗಂಡುಮಕ್ಕಳಿಗೂ. ವರದಿಯನ್ನು ಕೈಗಿಟ್ಟು ಕಳಿಸದೆ, ಜೊತೆಗೆ ಬಂದ ಅಕ್ಕತಂಗಿ, ಅಣ್ಣತಮ್ಮಂದಿರನ್ನೂ ಕೂರಿಸಿ ಕೊಂಕಣಿಯಲ್ಲೋ ಕನ್ನಡದಲ್ಲೋ ವಿವರಿಸುವವರು ಪ್ರತಿ ಕ್ಯಾನ್ಸರ್ ವಿಭಾಗದಲ್ಲೂ ಇರಬೇಕು.