ತಾತನ ವಾಚನ್ನು ಕೊಡಿಸಿದವರು ಯಾರು?

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜು ಸಂಸ್ಥೆಯಲ್ಲಿ ಒಂದು ಕೈಗಡಿಯಾರ 1 ಕೋಟಿ 77 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಚಿನ್ನದ ಗಡಿಯಾರವೇನಲ್ಲ, ಉಕ್ಕಿನ ಕವಚದ ರೋಲೆಕ್ಸ್ ಡೇಟೋನಾ. ಹಾಲಿವುಡ್ ನಟ ಪಾಲ್ ನ್ಯೂಮನ್ ಅದನ್ನು ಕಟ್ಟಿಕೊಂಡಿದ್ದರೆಂಬುದೇ ಆ ಬೆಲೆಗೆ ಕಾರಣ. ಆದರೆ ಗಡಿಯಾರವನ್ನು ಮಗುಚಿದರೆ, ಹಿಂಬದಿಯಲ್ಲಿ ಹುಷಾರಾಗಿ ಗಾಡಿ ಓಡಿಸಬೇಕೆಂಬ ಬಿನ್ನಹವೊಂದು ಕೆತ್ತಿರುವುದು ಕಾಣುತ್ತದೆ. ಮೋಟಾರು ಪಂದ್ಯದ ಗೀಳು ಹತ್ತಿಸಿಕೊಂಡಿದ್ದ ಗಂಡನಿಗಾಗಿ ಅದನ್ನು ಕೊಂಡು, ಆ ಮಾತನ್ನು ಕೆತ್ತಿಸಿದವರು ಹೆಂಡತಿ ಜೊಆನ್ ವುಡ್‌ವರ್ಡ್. 1984ರಲ್ಲಿ ನ್ಯೂಮನ್ ಅದನ್ನು ಮಗಳ ಗೆಳೆಯನಿಗೆ ಕೊಟ್ಟರು. ಹರಾಜಿನ ಹಣದಲ್ಲಿ ಒಂದು ಪಾಲು ಮಗಳ ಹೆಸರಿನ ಪ್ರತಿಷ್ಠಾನಕ್ಕೆ ಸಂದಿತು, ನಿಜ. ಆದರೆ ಗಡಿಯಾರ ಮಾತ್ರ ಒಬ್ಬ ಗಂಡಸಿನ ಮಣಿಕಟ್ಟಿನಿಂದ ಇನ್ನೊಬ್ಬನ ಮಣಿಕಟ್ಟಿಗೆ ದಾಟಿತ್ತು.

ಗಂಡಸರ ಠೀವಿಯ ಸಾಮಗ್ರಿಗಳ ಮಾರುಕಟ್ಟೆಯಲ್ಲಿ ಕೈಗಡಿಯಾರಕ್ಕೆ ವಿಶೇಷ ಸ್ಥಾನವಿದೆ. ಒಡವೆಯ ಆಸೆ ಹೆಂಗಸರದ್ದು ಎಂದು ನಗುವವನೂ ಸಂಕೋಚವಿಲ್ಲದೆ ತೊಡುವ ಒಡವೆ ಅದು. ಜಾಹೀರಾತುಗಳು ಅದನ್ನು ಒಡವೆಯೆಂದು ಕರೆಯದೆ ಉಪಕರಣವೆಂದು ಕರೆಯುತ್ತವೆ: ವಿಮಾನ ಚಾಲಕನ ವಾಚು, ಸಮುದ್ರದಾಳಕ್ಕೆ ಇಳಿಯುವವನ ವಾಚು, ಮೋಟಾರು ಪಂದ್ಯದವನ ವಾಚು. ದಿನವಿಡೀ ಪರದೆಯ ಮುಂದೆ ಕೂರುವ ಎಂಜಿನಿಯರು 300 ಮೀಟರ್ ಆಳದ ನೀರಿಗೂ ಜಗ್ಗದ ಗಡಿಯಾರ ಕಟ್ಟಿಕೊಂಡು ಸಭೆಗೆ ಹೋಗುತ್ತಾನೆ. ಇದರಲ್ಲಿ ಅಪರಾಧವೇನೂ ಇಲ್ಲ. ಆದರೆ ಈ ಗಂಡಸುತನದ ಕಥೆ ಒಂದು ದೊಡ್ಡ ಮರೆವಿನ ಮೇಲೆ ನಿಂತಿದೆ.

ಕೈಗಡಿಯಾರ ಮೊದಲು ಹೆಂಗಸರದ್ದಾಗಿತ್ತು. 1810ರಲ್ಲಿ ಪ್ಯಾರಿಸಿನ ಕುಶಲಕರ್ಮಿ ಬ್ರೆಗೆಯಿಂದ ಮಣಿಕಟ್ಟಿಗೆ ಕಟ್ಟುವ ಗಡಿಯಾರವನ್ನು ಮಾಡಿಸಿಕೊಂಡವಳು ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯುರಾ. ಆಮೇಲೆ ಸುಮಾರು ನೂರು ವರ್ಷ ಯುರೋಪಿನ ಗಂಡಸರು ಜೇಬುಗಡಿಯಾರವನ್ನೇ ನೆಚ್ಚಿಕೊಂಡಿದ್ದರು. ಕೈಗೆ ಗಡಿಯಾರ ಕಟ್ಟುವುದು ಹೆಣ್ಣಿಗತನವೆನಿಸಿತ್ತು. ಆ ನಾಚಿಕೆಯನ್ನು ಕಳೆದದ್ದು ಮೊದಲನೆಯ ಮಹಾಯುದ್ಧ. ಕಂದಕದಲ್ಲಿ ಬಂದೂಕು ಹಿಡಿದವನಿಗೆ ಜೇಬಿನಿಂದ ಗಡಿಯಾರ ತೆಗೆಯುವ ಪುರುಸೊತ್ತಿರಲಿಲ್ಲ. ಯುದ್ಧದಿಂದ ಮರಳಿದ ಗಡಿಯಾರ ಗಂಡಸಿನದಾಗಿ ಮರಳಿತು.

ಅದರ ಬೆಲೆ ತೆತ್ತವರು ಬೇರೆ. ಕತ್ತಲೆಯಲ್ಲೂ ಸೈನಿಕನಿಗೆ ಹೊತ್ತು ಕಾಣಲೆಂದು ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಇಂದು ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ನ್ಯೂಜರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ 1917ರಿಂದ ಈ ಕೆಲಸ ಮಾಡಿದವರು ಹರೆಯದ ಹೆಣ್ಣುಮಕ್ಕಳು. ಕುಂಚದ ತುದಿಯನ್ನು ತುಟಿಗಳ ನಡುವೆ ಚೂಪು ಮಾಡಿಕೊಳ್ಳುವಂತೆ ಅವರಿಗೆ ಹೇಳಿಕೊಡಲಾಗಿತ್ತು. ಬಣ್ಣದಿಂದ ಅಪಾಯವಿಲ್ಲವೆಂಬ ಭರವಸೆಯೂ ಸಿಕ್ಕಿತ್ತು. ಹಲ್ಲು ಉದುರಿದವು, ದವಡೆಯ ಮೂಳೆ ಕೊಳೆಯಿತು, ಹಲವರು ಸತ್ತರು. ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿದ ಐವರಿಗೆ ಪರಿಹಾರ ಒಪ್ಪಂದವಾದದ್ದು 1928ರಲ್ಲಿ. ಹಳೆಯ ಸೈನಿಕ ವಾಚುಗಳನ್ನು ಹುಡುಕಿ ಕೊಳ್ಳುವವರು ಮುಖಬಿಲ್ಲೆಯ ಮೇಲೆ ಮಾಸಿ ಕಂದಾದ ಆ ಬಣ್ಣವನ್ನು ಇಂದು ಸೌಂದರ್ಯವೆಂದು ಮೆಚ್ಚುತ್ತಾರೆ.

ಸ್ವಿಟ್ಜರ್ಲೆಂಡಿನ ಕಥೆಯೂ ದೂರದ್ದಲ್ಲ. ಯಾಂತ್ರಿಕ ಗಡಿಯಾರದ ಪ್ರಾಣವೆನ್ನಬಹುದಾದ ಕೂದಲೆಳೆಯ ಸುರುಳಿಯನ್ನು ಹೊಂದಿಸುವ ಸೂಕ್ಷ್ಮ ಕೆಲಸ ಅಲ್ಲಿ ಬಹುಪಾಲು ಹೆಂಗಸರ ಪಾಲಿಗೆ ಬರುತ್ತಿತ್ತು. ಆ ಹೆಂಗಸರಿಗೆ ಒಕ್ಕೂಟದ ಚುನಾವಣೆಯಲ್ಲಿ ಮತದಾನದ ಹಕ್ಕು ದೊರೆತದ್ದು 1971ರಲ್ಲಿ. ಅಷ್ಟರಲ್ಲಿ ಉದ್ಯಮವೇ ಅಲುಗಾಡತೊಡಗಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಒಂದೂವರೆ ದಶಕದಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಸುಮಾರು 90,000 ಉದ್ಯೋಗಗಳಲ್ಲಿ ಉಳಿದದ್ದು ಮೂರನೆಯ ಒಂದು ಭಾಗದಷ್ಟು. ಅಗ್ಗದ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದು ಸೆಕೆಂಡು ತಪ್ಪಿದರೆ, ಪ್ರಮಾಣಪತ್ರ ಪಡೆದ ಸ್ವಿಸ್ ಕ್ರೋನೋಮೀಟರು ದಿನಕ್ಕೇ ನಾಲ್ಕು ಸೆಕೆಂಡು ಹಿಂದೆ ಬೀಳಬಹುದು. ನಿಖರತೆಯಲ್ಲಿ ಸೋತವರು ಅರ್ಥವನ್ನು ಮಾರಲು ಹೊರಟರು. 1996ರಲ್ಲಿ ಆರಂಭವಾದ ಪಟೆಕ್ ಫಿಲಿಪ್ ಕಂಪನಿಯ ಜಾಹೀರಾತು ಸರಣಿ ಗಡಿಯಾರವನ್ನು ಮುಂದಿನ ಪೀಳಿಗೆಯ ಆಸ್ತಿಯೆಂದು ಬಣ್ಣಿಸಿತು. ತಾಯಿ ಮಗಳ ಚಿತ್ರಗಳೂ ಬಂದವು. ಆದರೆ ಜನಮನದಲ್ಲಿ ಕೂತದ್ದು ತಂದೆ ಮತ್ತು ಮಗ.

ಕನ್ನಡಿಗರಿಗೆ ಬೇರೊಂದು ಗಡಿಯಾರದ ನೆನಪಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿಗೂ ಬಂತು. ‘ಜನತಾ’ ಎಂಬ ಹೆಸರೇ ಅದರ ಆಶಯವನ್ನು ಹೇಳುತ್ತದೆ: ಮೇಷ್ಟರು, ಗುಮಾಸ್ತರು, ಬಸ್ ಕಂಡಕ್ಟರು ಕಟ್ಟಿಕೊಳ್ಳಬಹುದಾದ ವಾಚು. ಅಂಧರಿಗಾಗಿ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಿಡಿಭಾಗಗಳನ್ನು ಜೋಡಿಸಿದವರಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಅವರಿಗೆ ಅದು ತಿಂಗಳ ಸಂಬಳ ಮತ್ತು ಭವಿಷ್ಯನಿಧಿಯ ಸರ್ಕಾರಿ ಕೆಲಸವಾಗಿತ್ತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಅದಾದ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಹೊಸ ಮೋಹ ಹುಟ್ಟಿತು. ಕ್ಯಾಲಿಫೋರ್ನಿಯಾದಲ್ಲೊ ಸಿಂಗಪುರದಲ್ಲೊ ಇರುವ ಮೊಮ್ಮಗ ತಾತನ ವಾಚನ್ನು ರಿಪೇರಿ ಮಾಡಿಸಿ ಹೆಮ್ಮೆಯಿಂದ ಕಟ್ಟಿಕೊಳ್ಳುತ್ತಾನೆ.

ಆ ಹೆಮ್ಮೆ ಗೌರವಕ್ಕೆ ಅರ್ಹವಾದದ್ದು. ಆದರೆ ತಾತನಿಗೆ ಆ ವಾಚು ಎಲ್ಲಿಂದ ಬಂತೆಂದು ಅವನು ಅಜ್ಜಿಯನ್ನು ಕೇಳಿದರೆ ಒಳ್ಳೆಯದು. ಸೂಟು, ಉಂಗುರ, ವಾಚು ವರನಿಗೆ ಸಲ್ಲಬೇಕಾದ ಮರ್ಯಾದೆಯೆಂದು ಮದುವೆಯ ಮಾತುಕತೆಯಲ್ಲೇ ನಿರ್ಧಾರವಾಗುತ್ತಿದ್ದ ಕಾಲವದು. ಎಚ್‌ಎಂಟಿಯ ‘ಕಾಂಚನ್’ ವರದಕ್ಷಿಣೆಯ ವಾಚೆಂದೇ ಹೆಸರಾಗಿತ್ತು. ಗಂಡು ಪೀಳಿಗೆಯ ಬಳುವಳಿಯೆಂದು ಕಾಣುವ ಎಷ್ಟೋ ಗಡಿಯಾರಗಳನ್ನು ಹೆಣ್ಣು ಹೆತ್ತ ತಂದೆಯೊಬ್ಬ ಸಾಲ ಮಾಡಿ ಕೊಂಡಿದ್ದಾನೆ.

ಇದು ಮುಗಿದ ಕಥೆಯೂ ಅಲ್ಲ. ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಬಂದ ಹೆಂಡತಿಗೆ 2015ರವರೆಗೆ ದುಡಿಯುವ ಹಕ್ಕೇ ಇರಲಿಲ್ಲ. ಆಮೇಲೂ ಅದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ತಲುಪಿದವರಿಗೆ ಮಾತ್ರ. ಹತ್ತನೆಯ ವರ್ಷದ ಬಡ್ತಿಗೆಂದು ಗಂಡ ತನಗೇ ಸ್ವಿಸ್ ವಾಚು ಕೊಟ್ಟುಕೊಳ್ಳುವಾಗ, ಆ ಹತ್ತು ವರ್ಷ ಮಗುವನ್ನು ಶಾಲೆಗೆ ಬಿಟ್ಟು, ಅಡುಗೆ ಮಾಡಿ, ಊರಿನಿಂದ ಬಂದ ಅತ್ತೆ ಮಾವಂದಿರನ್ನು ಆಸ್ಪತ್ರೆಗೆ ಕರೆದೊಯ್ದವಳ ಹೊತ್ತು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಭೋಗವೆಂದರೆ ಮೂಗು ಮುರಿಯುವ ಪ್ರಗತಿಪರ ಮಡಿವಂತಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ಸೆಕೆಂಡಿಗೆ ಎಂಟು ಸಲ ಮಿಡಿಯುವ ಪುಟ್ಟ ಯಂತ್ರವನ್ನು ಕಂಡು ಬೆರಗಾಗುವುದು ಮನುಷ್ಯಸಹಜ. ಆ ಬೆರಗು ಆರೆಂಜ್ ಪಟ್ಟಣದ ಹುಡುಗಿಯರವರೆಗೂ ಬೆಂಗಳೂರಿನ ಜೋಡಣಾ ಮೇಜಿನವರೆಗೂ ಚಾಚಲಿ ಎಂಬುದಷ್ಟೇ ಇಲ್ಲಿಯ ವಾದ. ತಾತನ ವಾಚನ್ನು ಮುಂದಿನವರಿಗೆ ಕೊಡುವ ದಿನ ಅದು ಮೊಮ್ಮಗಳ ಕೈಗೂ ಹೋಗಬಹುದು. ಅದನ್ನು ಕೊಂಡು ಕೊಟ್ಟ ಮುತ್ತಜ್ಜನ ಹೆಸರನ್ನೂ, ತೀರಿಸಿದ ಸಾಲವನ್ನೂ ಅವಳಿಗೆ ತಿಳಿಸಬೇಕು.