ಸೀರೆಯುಟ್ಟ ಮರಿಯ

ಗೋವೆಯ ಕಲಾವಿದ ಆಂಜೆಲೊ ದ ಫೊನ್ಸೆಕಾ (1902–1967) ಶಾಂತಿನಿಕೇತನದಲ್ಲಿ ಕಲಿತು ಬಂದು ಮಾತೆ ಮರಿಯಳಿಗೆ ಸೀರೆ ಉಡಿಸಿ ಚಿತ್ರಿಸಿದಾಗ ತವರಿನ ಧರ್ಮನಿಷ್ಠರು ಮುನಿದರು. ನಮ್ಮಲ್ಲಿ ಹಲವರು ನೆಲೆಸಿರುವ ಪುಣೆ ಅವರಿಗೆ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ಆಶ್ರಯವಿತ್ತಿತು. ಅತ್ತ ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಚಿತ್ರಿಸಿದ ಬಿಳಿಯ ಯೇಸು ಮಾತ್ರ ಅಸಂಖ್ಯ ಮನೆಗಳ ಗೋಡೆಯೇರಿದ.

ಗಲಿಲಾಯದ ಯೆಹೂದಿ ತಾಯಿಮಗನಿಗೆ ಈ ಎರಡೂ ರೂಪಗಳು ಎರವಲೇ. ಒಂದನ್ನು ಸತ್ಯವೆಂದೂ ಇನ್ನೊಂದನ್ನು ಅಪಚಾರವೆಂದೂ ಬಗೆಯುವುದು ಭಕ್ತಿಯಲ್ಲ, ರೂಢಿ. ಆರಾಧ್ಯರನ್ನು ತಮ್ಮವರಂತೆ ಕಾಣುವ ಹಕ್ಕು ಎಲ್ಲ ಜನಾಂಗಗಳಿಗೂ ಉಂಟೆಂದು ನಾವು ನಂಬುತ್ತೇವೆ. ಆದರೆ ಅವರ ಯೆಹೂದಿತನವನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ. ಯೇಸುವನ್ನು ಆರ್ಯನೆಂದು ಸಾಧಿಸಹೊರಟ ನಾಜಿ ಪಂಡಿತರು ಎಸಗಿದ್ದು ಅದನ್ನೇ. ಸೀರೆ ಉಡಿಸೋಣ, ಆಕೆ ಹುಟ್ಟಿದ ಮನೆಯನ್ನು ಮರೆಯದಿರೋಣ.