ವಿದೇಶಕ್ಕೆ ಹೋಗಿ, ಸಿಗರನಹಳ್ಳಿ ಮರೀಬೇಡಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಾಸ್ಟೆಲ್ ಗೆಳೆಯರೇ,

ಡಿಗ್ರಿ ಮುಗಿಸಿ ಫೆಲೋಶಿಪ್ ಮೇಲೆ ವಿದೇಶಕ್ಕೆ ಹೋಗಿ 'ಸಮುದಾಯ ಸಬಲೀಕರಣ' ಓದೋದು ಉಳ್ಳವರ ಮಕ್ಕಳ ಸ್ವತ್ತಲ್ಲ. 1913ರಲ್ಲಿ ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಅಲ್ಲಿ ಪ್ರಬಂಧ ಓದಿದ್ದು ಯಾವುದರ ಮೇಲೆ? ಭಾರತದ ಜಾತಿಗಳ ಮೇಲೆ!

2022ರಲ್ಲಿ ಕೇಂದ್ರ ಸರ್ಕಾರ ಪರಿಶಿಷ್ಟರ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ತಿದ್ದಿತು. ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಬಗ್ಗೆ ಓದೋರಿಗೆ ಹಣ ಇಲ್ಲ ಅಂತು. ಆ ನಿಯಮದ ಪ್ರಕಾರ ಬಾಬಾಸಾಹೇಬರ ಪ್ರಬಂಧಕ್ಕೂ ಕಾಸು ಹುಟ್ಟುತ್ತಿರಲಿಲ್ಲ.

ಜಾತಿ ಬಿಟ್ಟು ಯಾವ ಸಬಲೀಕರಣ? 2015ರಲ್ಲಿ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರನ ಗುಡಿಯೊಳಕ್ಕೆ ಹೋದ ನಮ್ಮ ಹೆಣ್ಣುಮಕ್ಕಳಿಗೆ ಸಾವಿರ ರೂಪಾಯಿ ದಂಡ ಹಾಕಿದರು. ಅವರೆಲ್ಲ ಸ್ತ್ರೀಶಕ್ತಿ ಸಂಘದವರು. ಸಂಘ ಕಟ್ಟಿದರೆ ಸಬಲೀಕರಣ, ಹೊಸ್ತಿಲು ದಾಟಿದರೆ ತಪ್ಪು!

ನಾವು ಹೇಳೋದು ಇಷ್ಟೆ. ಅರ್ಜಿ ಹಾಕಿ, ಹೋಗಿ, ಕಲೀರಿ. ಅಲ್ಲಿನ ತರಗತಿಯಲ್ಲಿ ಆ ಹೊಸ್ತಿಲಿನ ಮಾತು ಎತ್ತಿ. ವಾಪಸು ಬಂದು ಹಾಸ್ಟೆಲಿನ ತಮ್ಮ ತಂಗಿಯರಿಗೆ ಅರ್ಜಿ ತುಂಬೋದು ಕಲಿಸಿ. ಒಬ್ಬರು ಹತ್ತಿದ ಏಣಿಯನ್ನ ಎಳೆದುಕೊಂಡು ಹೋಗಬೇಡಿ. ಹಿಂದೆ ಬರೋರು ಇದ್ದೀವಿ.

ಜೈ ಭೀಮ್.